ಸೀಟ್ ಬೆಲ್ಟ್ ಮತ್ತು ನಮ್ಮ ಕಣ್ಣು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿ, "ಸಾಫ್ಟ್‌ವೇರ್ ಉದ್ಯೋಗದ ಬಗ್ಗೆ ಮಾತಾಡಪ್ಪ, ನಮ್ಮ ಹುಡುಗರಿಗೂ ಒಂದಿಷ್ಟು ಹುರುಪು ಬರಲಿ" ಎಂದರು. ಆ ವಿಷಯದ ಮೇಲೆ ಮಾತಾಡುವವರು ಈ ಕಾಲದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅದಕ್ಕೇ ನಾನು ಬೇರೆ ವಿಷಯ ಕೇಳಿಕೊಂಡೆ. ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕಾರುಗಳ ಏರ್‌ಬ್ಯಾಗ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಕೆಲಸ ಮಾಡುತ್ತೇನೆ. ಕಾರು ಗುದ್ದಿದಾಗ ಒಳಗೆ ಕುಳಿತವರಿಗೆ ಏನಾಗುತ್ತದೆ ಎಂಬುದನ್ನು ದಿನವೂ ಅಂಕಿಗಳಲ್ಲಿ ನೋಡುವವನು ನಾನು. ನಮ್ಮೂರಿನ ಮಗ್ಗುಲಲ್ಲೇ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗಿದೆ. ನಾನು ಇಲ್ಲಿ ಓದುವಾಗ ಇಡೀ ಊರಿನಲ್ಲಿ ಎರಡೋ ಮೂರೋ ಕಾರು ಇದ್ದವು. ಇವತ್ತು ಶಾಲೆಯ ಮೈದಾನದ ತುಂಬ ಕಾರುಗಳು ನಿಂತಿವೆ. ಹಾಗಾಗಿ ಈ ಮಾತನ್ನು ಆಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎನ್ನಿಸಿತು.

ಒಂಬತ್ತನೆಯ ತರಗತಿಯವರು ಎಲ್ಲಿದ್ದೀರಿ? ಕೈ ಎತ್ತಿ. ಜಡತ್ವ ಎಂದರೆ ಏನು ಎಂದು ಕೇಳಿದರೆ ಬಸ್ಸು ಫಕ್ಕನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ಬಾಗುವ ಉದಾಹರಣೆಯನ್ನು ಎಲ್ಲರೂ ಬರೆಯುತ್ತೀರಿ. ಎರಡು ಅಂಕ ಸಿಗುತ್ತದೆ. ನಾವೂ ಬರೆದಿದ್ದೆವು. ಈಗ ಅದೇ ಉದಾಹರಣೆಗೆ ಲೆಕ್ಕ ಹಾಕೋಣ. ಗಂಟೆಗೆ 54 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 15 ಮೀಟರ್. ಹೆದ್ದಾರಿಯಲ್ಲಿ ಇದು ವೇಗವೇ ಅಲ್ಲ, ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ಬೇಸರಪಟ್ಟು ಹೋಗುವ ವೇಗ. ಆದರೆ ಒಂದು ಕಲ್ಲು ಈ ವೇಗಕ್ಕೆ ಬರಬೇಕಾದರೆ ಅದನ್ನು ಹನ್ನೊಂದೂವರೆ ಮೀಟರ್ ಎತ್ತರದಿಂದ ಬಿಡಬೇಕು. ಅಂದರೆ ಮೂರಂತಸ್ತಿನ ಮನೆಯ ಮಾಳಿಗೆಗಿಂತ ಮೇಲಿನಿಂದ.

ಕಾರು ಎದುರಿನ ಲಾರಿಗೆ ಗುದ್ದಿ ನಿಂತಿತು ಎನ್ನಿ. ಮೂತಿ ನಜ್ಜುಗುಜ್ಜಾಗುತ್ತ ಕಾರು ಸುಮಾರು ಅರ್ಧ ಮೀಟರ್ ಸಾಗಿ ನಿಲ್ಲುತ್ತದೆ. ಬೆಲ್ಟ್ ಹಾಕಿದವನು ಕಾರಿಗೆ ಕಟ್ಟಿಕೊಂಡಿರುವುದರಿಂದ ಅವನಿಗೂ ನಿಲ್ಲಲು ಆ ಅರ್ಧ ಮೀಟರ್ ಸಿಗುತ್ತದೆ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ ನೋಡಿ, ಗುರುತ್ವದ ಸುಮಾರು 23 ಪಟ್ಟು ಬರುತ್ತದೆ. ಜೋರೇ, ಆದರೂ ಬದುಕಿ ಉಳಿಯುವಂಥದ್ದು. ಬೆಲ್ಟ್ ಹಾಕದವನ ಪಾಲಿಗೆ ಕಾರು ನಿಂತರೂ ಅವನು ನಿಂತಿರುವುದಿಲ್ಲ. ಅದೇ 15 ಮೀಟರ್ ವೇಗದಲ್ಲಿ ಹೋಗಿ ಡ್ಯಾಶ್‌ಬೋರ್ಡಿಗೋ ಗಾಜಿಗೋ ಬಡಿದು ಐದು ಸೆಂಟಿಮೀಟರಿನಲ್ಲಿ ನಿಲ್ಲುತ್ತಾನೆ. ಆಗ 230 ಪಟ್ಟು. ಮನುಷ್ಯ ಒಬ್ಬನೇ, ಕಾರು ಒಂದೇ, ವೇಗವೂ ಒಂದೇ. ಬದಲಾದದ್ದು ನಿಲ್ಲಲು ಸಿಕ್ಕ ಜಾಗ ಮಾತ್ರ.

ಇನ್ನು, ಮೊದಲು ಹೋಗಿ ಬಡಿಯುವುದು ಯಾವುದು? ಮೊಣಕಾಲು, ಎದೆ, ಆಮೇಲೆ ಮುಖ. ಮುಖದಲ್ಲಿ ಕಣ್ಣು.

ಹತ್ತನೆಯ ತರಗತಿಯವರು ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತೀರಿ. ಕಣ್ಣುಗುಡ್ಡೆಯ ವ್ಯಾಸ ಸುಮಾರು 2.3 ಸೆಂಟಿಮೀಟರ್ ಎಂದು ಪಾಠದಲ್ಲಿದೆ. ಹೆಚ್ಚು ಕಡಿಮೆ ಒಂದು ದೊಡ್ಡ ಗೋಲಿ. ಮುಂದಿನ ಪಾರದರ್ಶಕ ಪೊರೆ, ಕಾರ್ನಿಯಾ, ನಡುವೆ ಅರ್ಧ ಮಿಲಿಮೀಟರ್ ದಪ್ಪ ಇದೆ ಅಷ್ಟೆ. ಕಣ್ಣಿನ ಸುತ್ತ ಹುಬ್ಬಿನ ಮೂಳೆ, ಕೆನ್ನೆಯ ಮೂಳೆ, ಮೂಗಿನ ಮೂಳೆ ಎಂದು ಒಂದು ಕೋಟೆ ಇದೆ. ಚೆಂಡು ತಾಗಿದರೆ ಕೋಟೆ ತಡೆಯುತ್ತದೆ. ಆದರೆ ಗುಡ್ಡೆಯ ಕೆಳಗಿನ ಮೂಳೆ ಬಹಳ ತೆಳು. ಜೋರಾದ ಗುದ್ದು ಬಿದ್ದರೆ ಅದು ಒಡೆದು ಕಣ್ಣು ಕೆಳಕ್ಕೆ ಕುಸಿಯುತ್ತದೆ, ಎಲ್ಲವೂ ಎರಡೆರಡಾಗಿ ಕಾಣತೊಡಗುತ್ತದೆ. ಗುಡ್ಡೆಯ ಒಳಗೆ ರಕ್ತ ತುಂಬಬಹುದು, ಮಸೂರ ಜಾಗ ತಪ್ಪಬಹುದು, ಹಿಂದಿನ ಅಕ್ಷಿಪಟಲ ಗೋಡೆಯ ಸುಣ್ಣ ಬಿಟ್ಟ ಹಾಗೆ ಬಿಡಬಹುದು. ಇದು ಮೊಂಡು ಪೆಟ್ಟಿನ ಕಥೆ. ಗಾಜಿನ ಚೂರಿನ ಕಥೆ ಬೇರೆ. ಅದಕ್ಕೆ ದಾಟಬೇಕಾದದ್ದು ಬರೀ ಅರ್ಧ ಮಿಲಿಮೀಟರ್.

ಕಣ್ಣಿಗೆ ಏನಾದರೂ ಬರುತ್ತಿದ್ದರೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದಲ್ಲ ಎಂದು ನೀವು ಕೇಳಬಹುದು. ಕಣ್ಣು ಒಮ್ಮೆ ಮಿಟುಕಲು 100 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ನಾವು ಬರೆಯುವ ಪ್ರೋಗ್ರಾಂ ಏರ್‌ಬ್ಯಾಗ್ ಬಿಡಬೇಕೋ ಬೇಡವೋ ಎಂದು ಸುಮಾರು 15ರಿಂದ 20 ಮಿಲಿಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು. ಮತ್ತೆ 30 ಮಿಲಿಸೆಕೆಂಡಿನಲ್ಲಿ ಚೀಲ ಊದಿ ನಿಂತಿರಬೇಕು. ರೆಪ್ಪೆಯನ್ನು ಕಾಯುತ್ತ ಕುಳಿತರೆ ಆಗುವ ಕೆಲಸವಲ್ಲ ಇದು.

ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳುತ್ತೇನೆ. ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ, ಇದೇ ಶಾಲೆಯಲ್ಲಿ ನನಗಿಂತ ನಾಲ್ಕು ವರ್ಷ ಮುಂದೆ ಓದಿದವನು. ಹೇಳಲು ಅವನ ಒಪ್ಪಿಗೆ ಇದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ, ತಪ್ಪು ಹೇಳಿದರೆ ಅಲ್ಲಿಂದಲೇ ತಿದ್ದುತ್ತಾನೆ. ಅಣ್ಣ ಬಾಡಿಗೆ ಕಾರು ಓಡಿಸುತ್ತಿದ್ದ. ಗೋಕರ್ಣ, ಮಂತ್ರಾಲಯ, ಧರ್ಮಸ್ಥಳ ಎಂದು ಸುತ್ತಿದವನು, ಒಂದು ಗೀರು ಬಿದ್ದಿರಲಿಲ್ಲ. ಸ್ಟೇರಿಂಗ್ ಹಿಡಿದರೆ ಬೆಲ್ಟ್ ಹಾಕಿಯೇ ಹಾಕುತ್ತಿದ್ದ. ಆರು ವರ್ಷದ ಹಿಂದೆ ಒಂದು ಸಂಜೆ ರಜೆಯ ಮೇಲಿದ್ದಾಗ ಗೆಳೆಯನ ಹಳೆಯ ಕಾರಿನಲ್ಲಿ ಎಡಗಡೆಯ ಸೀಟಿನಲ್ಲಿ ಕುಳಿತು ಸಂತೆಯಿಂದ ಊರಿಗೆ ಬರುತ್ತಿದ್ದ. "ಇಲ್ಲೇ ಹತ್ತು ಕಿಲೋಮೀಟರ್ ಐತಿ, ಡ್ರೈವರ್ ನಾನಲ್ಲ, ನನಗ್ಯಾಕ ಬೆಲ್ಟು" ಅಂದನಂತೆ. ರಸ್ತೆಯ ಬದಿಗೆ ಗೋವಿನಜೋಳದ ಟ್ರೇಲರ್ ನಿಂತಿತ್ತು. ದೀಪ ಇಲ್ಲ, ಹೊಳೆಯುವ ಪಟ್ಟಿ ಇಲ್ಲ. ಬೆಲ್ಟ್ ಹಾಕಿದ್ದ ಗೆಳೆಯನಿಗೆ ಹೆಗಲಿನಿಂದ ಸೊಂಟದವರೆಗೆ ಒಂದು ಕಪ್ಪು ಬಾಸುಂಡೆ ಬಂತು, ಹದಿನೈದು ದಿನಕ್ಕೆ ಹೋಯಿತು. ಅಣ್ಣನ ಬಲಗಣ್ಣಿನ ಗುಡ್ಡೆ ಒಡೆದಿತ್ತು.

ಅಲ್ಲಿ ಸೇರಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಒಬ್ಬರು ಬಾಟಲಿಯ ನೀರು ಸುರಿದು ತೊಳೆದರು. ಇನ್ನೊಬ್ಬರು ರಕ್ತ ನಿಲ್ಲಲಿ ಎಂದು ಟವೆಲ್ ಒತ್ತಿ ಬಿಗಿಯಾಗಿ ಕಟ್ಟಿದರು. ಎರಡೂ ಮಾಡಬಾರದ ಕೆಲಸ. ಆ ರಾತ್ರಿ ಮೂರು ಆಸ್ಪತ್ರೆ ತಿರುಗಿ, ಕೊನೆಗೆ ಶಸ್ತ್ರಚಿಕಿತ್ಸೆ ಆಯಿತು. ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ.

ಒಂದು ಕಣ್ಣು ಇದೆಯಲ್ಲ ಎಂದು ನಾವೆಲ್ಲ ಸಮಾಧಾನ ಹೇಳಿದೆವು. ವಿದ್ಯಾರ್ಥಿಗಳೇ, ಈಗಲೇ ಒಂದು ಪ್ರಯೋಗ ಮಾಡಿ. ಎರಡು ಪೆನ್ನು ತೆಗೆದುಕೊಂಡು ಒಂದು ಕಣ್ಣು ಮುಚ್ಚಿ, ತೋಳು ಚಾಚಿ, ಎರಡರ ತುದಿಗಳನ್ನು ಎದುರುಬದುರು ಮುಟ್ಟಿಸಿ ನೋಡಿ. ತಪ್ಪುತ್ತಿದೆ ಅಲ್ಲವೇ? ಅಣ್ಣನಿಗೆ ಮೊದಲ ಆರು ತಿಂಗಳು ಲೋಟಕ್ಕೆ ಚಹಾ ಸುರಿದರೆ ಹೊರಗೆ ಬೀಳುತ್ತಿತ್ತು. ಮೆಟ್ಟಿಲು ಇಳಿಯುವಾಗ ಕಾಲಿಂದ ತಡವಬೇಕಿತ್ತು. ಬಲಗಡೆಯಿಂದ ಬರುವ ಮಕ್ಕಳು, ಎತ್ತು, ಸೈಕಲ್ ಕಾಣುತ್ತಿರಲಿಲ್ಲ. ಕ್ರಮೇಣ ರೂಢಿಯಾಯಿತು. ಆದರೆ ಬಾಡಿಗೆ ಗಾಡಿ ಓಡಿಸುವ ಕೆಲಸ ಅಲ್ಲಿಗೇ ನಿಂತಿತು. ಈಗ ಬಸ್‌ಸ್ಟ್ಯಾಂಡ್ ಹತ್ತಿರ ಟೈರ್ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಕಾರು ಮಾರಿದ ದಿನ ಅವನು ಊಟ ಮಾಡಲಿಲ್ಲ.

ಆಗ ಸಂಬಂಧಿಕರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಯಾರಾದರೂ ದಾನ ಮಾಡಿದ ಕಣ್ಣು ಕೂಡಿಸಲಿಕ್ಕೆ ಬರುವುದಿಲ್ಲೇನು?" ವರನಟ ಡಾ. ರಾಜ್‌ಕುಮಾರ್ ನೇತ್ರದಾನ ಮಾಡಿದ್ದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು ಎಂದು ನಾವೆಲ್ಲ ಓದಿದ್ದೇವೆ. ಎರಡು ಕಣ್ಣಿನಿಂದ ನಾಲ್ವರಿಗೆ ಹೇಗೆ? ಕಸಿ ಮಾಡುವುದು ಇಡೀ ಕಣ್ಣನ್ನಲ್ಲ, ಮುಂದಿನ ಕಾರ್ನಿಯಾವನ್ನು ಮಾತ್ರ. ಅದರಲ್ಲೇ ಪದರ ಬಿಡಿಸಿ ಒಬ್ಬರಿಗೆ ಮೇಲಿನದು, ಇನ್ನೊಬ್ಬರಿಗೆ ಒಳಗಿನದು ಎಂದು ಹಾಕಿದರು. ಕಾರ್ನಿಯಾ ಮಂಜಾದವರಿಗೆ ಅದು ನಿಜಕ್ಕೂ ವರ. ಅಕ್ಷಿಪಟಲವೋ ದೃಷ್ಟಿನರವೋ ಹಾಳಾದವರಿಗೆ ಅದರಿಂದ ಉಪಯೋಗವಿಲ್ಲ. ದೃಷ್ಟಿನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ. ಕಡಿದದ್ದನ್ನು ಜೋಡಿಸುವ ವಿದ್ಯೆ ಇನ್ನೂ ಬಂದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿಗೆ ಇಡೀ ಕಣ್ಣನ್ನೇ ಕಸಿ ಮಾಡಿದರು. ಆ ಕಣ್ಣಿಗೆ ರಕ್ತ ಹರಿಯುತ್ತದೆ, ನೋಟ ಬಂದಿಲ್ಲ. ಡಾ. ಎಂ.ಸಿ. ಮೋದಿಯವರ ಶಿಬಿರಗಳನ್ನು ಕಂಡ ಹಿರಿಯರು ಇಲ್ಲಿದ್ದೀರಿ. ಪೊರೆ ಬಂದ ಅಜ್ಜ ಅಜ್ಜಿಯರು ಪಟ್ಟಿ ಬಿಚ್ಚಿದಾಗ ಮೊಮ್ಮಕ್ಕಳ ಮುಖ ನೋಡಿದ್ದನ್ನು ನೋಡಿದವರು ನೀವು. ಹಾಗಾಗಿ ಕಣ್ಣಿನ ಡಾಕ್ಟರು ಏನನ್ನಾದರೂ ಸರಿ ಮಾಡುತ್ತಾರೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಪೊರೆಯ ಮಟ್ಟಿಗೆ ಅದು ಸರಿಯಾದ ನಂಬಿಕೆಯೇ.

ಇನ್ನು ಬೆಲ್ಟಿನ ವಿಷಯ. ಎದೆಯ ಮೇಲೆ ಓರೆಯಾಗಿ, ಸೊಂಟದ ಮೇಲೆ ಅಡ್ಡವಾಗಿ ಬರುವ ಈಗಿನ ಮೂರು ಬಿಂದುಗಳ ಬೆಲ್ಟನ್ನು ಸ್ವೀಡನ್ನಿನ ವೋಲ್ವೋ ಕಂಪನಿಯಲ್ಲಿ 1959ರಲ್ಲಿ ತಂದವರು ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್. ಅದಕ್ಕೂ ಮೊದಲು ಅವರು ಮಾಡುತ್ತಿದ್ದ ಕೆಲಸ ಸ್ವಾರಸ್ಯವಾಗಿದೆ: ಯುದ್ಧವಿಮಾನದಿಂದ ಪೈಲಟನ್ನು ಕುರ್ಚಿ ಸಮೇತ ಹೊರಕ್ಕೆ ಚಿಮ್ಮಿಸುವ ಸೀಟುಗಳ ವಿನ್ಯಾಸ. ಮನುಷ್ಯನನ್ನು ಹೊರಗೆ ಎಸೆಯುವುದನ್ನು ಬಲ್ಲವರೇ ಒಳಗೆ ಹಿಡಿದಿಡುವುದನ್ನೂ ಕಂಡುಹಿಡಿದರು. ಇನ್ನೂ ದೊಡ್ಡ ಮಾತೆಂದರೆ ವೋಲ್ವೋದವರು ಅದರ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟರು. ನಮ್ಮ ಉದ್ಯಮದಲ್ಲಿ ದಿನ ಬೆಳಗಾದರೆ ಪೇಟೆಂಟ್ ಜಗಳ ನೋಡುವ ನನಗೆ ಇದು ಬೆಲ್ಟಿಗಿಂತ ದೊಡ್ಡ ಆವಿಷ್ಕಾರ ಎನ್ನಿಸುತ್ತದೆ.

ಬೆಲ್ಟ್ ಬಂದ ಮೇಲೂ ಜನ ಹಾಕಲಿಲ್ಲ. ಕಡ್ಡಾಯ ಮಾಡಿದವರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಮೊದಲನೆಯದು, 1970ರಲ್ಲಿ. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಚರ್ಚೆಯಾಗಿ, ಮುಂದಿನ ಸೀಟಿನವರಿಗೆ 1983ರ ಜನವರಿ 31ರಿಂದ ಕಾನೂನು ಜಾರಿಗೆ ಬಂತು. ಆ ಕಾಲದ ಅಲ್ಲಿನ ಅನೇಕ ಕಾರುಗಳ ಮುಂದಿನ ಗಾಜು ಒಡೆದರೆ ಸಾವಿರಾರು ಚೂರಾಗುವ ಜಾತಿಯದು. ಬೆಲ್ಟ್ ಇಲ್ಲದ ಮುಖ ಆ ಗಾಜಿಗೆ ಹೋಗಿ ಬಡಿಯುತ್ತಿತ್ತು, ಚೂರುಗಳು ಕಣ್ಣಿಗೆ ಹೊಗುತ್ತಿದ್ದವು, ಎಷ್ಟೋ ಜನಕ್ಕೆ ಎರಡೂ ಕಣ್ಣಿಗೆ. ಕಾನೂನು ಬಂದ ಮೇಲೆ ಗಾಜು ಚುಚ್ಚಿದ ಕಣ್ಣುಗಳು ಆಸ್ಪತ್ರೆಗೆ ಬರುವುದು ಬಹಳ ಕಡಿಮೆಯಾಯಿತು ಎಂದು ಅಲ್ಲಿನ ನೇತ್ರತಜ್ಞರೇ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದರು. ಹೊಸ ಔಷಧ ಇಲ್ಲ, ಹೊಸ ಶಸ್ತ್ರಚಿಕಿತ್ಸೆ ಇಲ್ಲ. ಜನ ಕಟ್ಟಿಕೊಂಡು ಕುಳಿತರು, ಅಷ್ಟೆ.

ನಮ್ಮ ದೇಶದ ನಿಯಮದಂತೆ ಕಾರಿನ ಮುಂದಿನ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೇ ಆಗಿರಬೇಕು. ಅದು ಒಡೆದರೂ ಜೇಡರಬಲೆಯಂತೆ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ಪಕ್ಕದ ಕಿಟಕಿಯ ಗಾಜು ಸಾಮಾನ್ಯವಾಗಿ ಹಾಗಿರುವುದಿಲ್ಲ, ಒಡೆದರೆ ಸಕ್ಕರೆಯ ಹರಳಿನಂತೆ ಪುಡಿಯಾಗುತ್ತದೆ. ಹಾಗಾಗಿ ಬೆಲ್ಟ್ ಹಾಕಿದರೆ ಕಣ್ಣಿಗೆ ಏನೂ ಆಗುವುದಿಲ್ಲ ಎಂದು ನಾನು ಬರೆದುಕೊಡಲಾರೆ. ಪಕ್ಕದಿಂದ ಗುದ್ದಿದರೆ ಬೆಲ್ಟ್ ಹಾಕಿದವರಿಗೂ ಗಾಜು ತಾಗಬಹುದು.

"ಏರ್‌ಬ್ಯಾಗ್ ಐತಲ್ಲ, ಬೆಲ್ಟ್ ಯಾಕ?" ಎಂದು ನನ್ನನ್ನು ಕೇಳದ ನೆಂಟರಿಲ್ಲ. ಸ್ಟೇರಿಂಗ್ ಮೇಲೆ ಎಸ್‌ಆರ್‌ಎಸ್ ಎಂದು ಬರೆದಿರುತ್ತದೆ. ಮೊದಲಿನ ಅಕ್ಷರದ ಅರ್ಥವೇ ಪೂರಕ ಎಂದು. ಬೆಲ್ಟಿಗೆ ಪೂರಕ. ಏರ್‌ಬ್ಯಾಗ್ ಮೆತ್ತನೆಯ ದಿಂಬಲ್ಲ. ಒಳಗೆ ಒಂದು ಸಣ್ಣ ಸ್ಫೋಟವಾಗಿ, ಗಂಟೆಗೆ 300 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಚೀಲ ಚಿಮ್ಮುತ್ತದೆ. ಬೆಲ್ಟ್ ಇದ್ದವನು ಹಿಂದೆ ಹಿಡಿದುಕೊಂಡಿರುತ್ತಾನೆ, ಚೀಲ ಪೂರ್ತಿ ಊದಿದ ಮೇಲೆ ಮುಖ ಅದಕ್ಕೆ ತಾಗುತ್ತದೆ. ಬೆಲ್ಟ್ ಇಲ್ಲದವನು, ಅದರಲ್ಲೂ ಬ್ರೇಕ್ ಒತ್ತಿದಾಗಲೇ ಮುಂದಕ್ಕೆ ಜಾರಿದವನು, ಊದುತ್ತಿರುವ ಚೀಲಕ್ಕೇ ಮುಖ ಕೊಡುತ್ತಾನೆ. ಕಾರ್ನಿಯಾ ತರಚುವುದು, ಕಣ್ಣಿನೊಳಗೆ ರಕ್ತ ಇಳಿಯುವುದು, ಅಕ್ಷಿಪಟಲ ಬಿಡುವುದು, ಇವೆಲ್ಲ ಏರ್‌ಬ್ಯಾಗಿನಿಂದಲೂ ಆದದ್ದು ದಾಖಲಾಗಿದೆ. ಸ್ಟೇರಿಂಗಿಗೂ ಎದೆಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಬಿಟ್ಟು ಕೂಡಿ ಎನ್ನುವುದು ಇದಕ್ಕೇ. ಬಂಪರಿನ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವ ಶೋಕಿಯ ಬಗ್ಗೆಯೂ ಒಂದು ಮಾತು. ಅದು ಗುದ್ದಿನ ಲಕ್ಷಣವನ್ನೇ ಬದಲಿಸಿ ನಮ್ಮ ಸೆನ್ಸರಿಗೆ ತಪ್ಪು ಸುದ್ದಿ ಕೊಡುತ್ತದೆ. ಸರ್ಕಾರ ಅದನ್ನು 2017ರಲ್ಲೇ ನಿಷೇಧಿಸಿದೆ. ಹೊರಗೆ ನಿಂತ ಗಾಡಿಗಳಲ್ಲಿ ನಾನು ಬರುವಾಗಲೇ ನಾಲ್ಕು ಎಣಿಸಿದೆ.

ಬೆಲ್ಟ್ ಹಾಕದಿದ್ದರೆ ಕಾರು ಕೂಗುತ್ತದೆಂದು, ಆ ಕೂಗು ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಕ್ಲಿಪ್ ಮಾರುತ್ತಾರೆ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಇಂಥ 13,118 ಮಾರಾಟದ ಪುಟಗಳನ್ನು ತೆಗೆಸಿತು. ಆ ಕ್ಲಿಪ್ ನಿಮ್ಮನ್ನಷ್ಟೇ ಅಲ್ಲ, ನಮ್ಮ ಪ್ರೋಗ್ರಾಮನ್ನೂ ಮೋಸ ಮಾಡುತ್ತದೆ. ಎಷ್ಟೋ ಕಾರುಗಳಲ್ಲಿ ಬೆಲ್ಟ್ ಹಾಕಿದ್ದಾರೋ ಇಲ್ಲವೋ ನೋಡಿಕೊಂಡು ಏರ್‌ಬ್ಯಾಗ್ ಯಾವ ಗುದ್ದಿಗೆ ಬಿಚ್ಚಬೇಕೆಂಬ ಮಿತಿ ಬೇರೆ ಬೇರೆ ಇಟ್ಟಿರುತ್ತಾರೆ. ಕ್ಲಿಪ್ ಸಿಕ್ಕಿಸಿದರೆ ಕಾರು ನೀವು ಬೆಲ್ಟ್ ಹಾಕಿದ್ದೀರೆಂದೇ ತಿಳಿಯುತ್ತದೆ.

ಹಿಂದಿನ ಸೀಟಿನವರ ಕಥೆ ಕೇಳುವುದೇ ಬೇಡ. ಹೊಸ ಕಾರಿಗೆ ಸೀಟ್ ಕವರ್ ಹೊಲಿಸುವಾಗಲೇ ಹಿಂದಿನ ಬೆಲ್ಟ್ ಬಕಲ್ ಒಳಗೆ ಹೋಗಿ ಮಲಗಿಬಿಡುತ್ತದೆ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡರಲ್ಲ, ಅವರು ಕುಳಿತಿದ್ದದ್ದು ಬಹಳ ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಆ ಒಂದೇ ವರ್ಷ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅದರಲ್ಲಿ ಸುಮಾರು ಅರ್ಧ, 8,331 ಜನ, ಗಾಡಿ ಓಡಿಸುತ್ತಿದ್ದವರಲ್ಲ, ಜೊತೆಗೆ ಕುಳಿತವರು. ಸತ್ತವರ ಲೆಕ್ಕ ಇದು. ಅಣ್ಣನಂಥವರು ಆ ಸಂಖ್ಯೆಯಲ್ಲಿ ಬರುವುದಿಲ್ಲ.

ತಾಯಂದಿರು ಬಹಳ ಜನ ಬಂದಿದ್ದೀರಿ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂಡಬೇಡಿ. ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎನ್ನುತ್ತೀರಿ. ಆಗಲೇ ಲೆಕ್ಕ ಹಾಕಿದೆವಲ್ಲ, 23 ಪಟ್ಟು. ಹತ್ತು ಕೆ.ಜಿ. ಮಗು ಆ ಗಳಿಗೆಯಲ್ಲಿ 230 ಕೆ.ಜಿ. ಎಳೆದಂತೆ ಎಳೆಯುತ್ತದೆ. ಎರಡು ಕ್ವಿಂಟಾಲ್ ಚೀಲವನ್ನು ಯಾರ ಕೈ ಹಿಡಿದೀತು? ಬಸುರಿಯರು ಬೆಲ್ಟ್ ಹಾಕಬಾರದು ಎಂಬುದೂ ತಪ್ಪು. ಅಡ್ಡ ಪಟ್ಟಿ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ ಬರಬೇಕು. ಓರೆ ಪಟ್ಟಿ ಎದೆಯ ನಡುವೆ ಹಾದು ಹೆಗಲಿಗೆ ಹೋಗಬೇಕು, ಕಂಕುಳಿನ ಕೆಳಗಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಕಲ್ಲಿನ ಗಣಪ, ಸೆಂಟಿನ ಗಾಜಿನ ಬಾಟಲಿ, ಮೊಬೈಲ್ ಸ್ಟ್ಯಾಂಡ್ ಇಡುತ್ತೇವೆ. ಕಾರು ನಿಂತಾಗ ಅವೂ ನಿಲ್ಲುವುದಿಲ್ಲ. ಗಣಪನನ್ನು ಇಡಬೇಡಿ ಎನ್ನಲು ನನಗೆ ಧೈರ್ಯವಿಲ್ಲ, ಗಟ್ಟಿಯಾಗಿ ಅಂಟಿಸಿದ ಚಿಕ್ಕ ಗಣಪನಿರಲಿ.

ಕೊನೆಯದಾಗಿ, ಅಪಘಾತದ ಜಾಗಕ್ಕೆ ಮೊದಲು ತಲುಪುವವರು ಹೆದ್ದಾರಿ ಪಕ್ಕದ ನಮ್ಮಂಥ ಊರಿನವರು. ಅದಕ್ಕೇ ಇದನ್ನು ಎಲ್ಲಕ್ಕಿಂತ ಗಮನವಿಟ್ಟು ಕೇಳಿ. ಕಣ್ಣಿಗೆ ಗಾಜು ಚುಚ್ಚಿದ್ದರೆ, ಇಲ್ಲವೆ ಗುಡ್ಡೆ ಒಡೆದಂತೆ ಕಂಡರೆ ಮುಟ್ಟಬೇಡಿ, ಒತ್ತಬೇಡಿ, ತೊಳೆಯಬೇಡಿ, ಚುಚ್ಚಿದ್ದನ್ನು ಕೀಳಬೇಡಿ. ಚಹಾ ಕುಡಿಯುವ ಕಾಗದದ ಲೋಟವನ್ನು ಕಣ್ಣಿನ ಮೇಲೆ ಬೋರಲು ಹಾಕಿ, ಅದರ ಅಂಚು ಸುತ್ತಲಿನ ಮೂಳೆಯ ಮೇಲೆ ಕೂರುವಂತೆ ಇಟ್ಟು, ಮೆಲ್ಲಗೆ ಅಂಟುಪಟ್ಟಿ ಹಾಕಿ. ಗುಡ್ಡೆಯ ಮೇಲೆ ಏನೂ ಒತ್ತಬಾರದು. ತಲೆಯನ್ನು ಸ್ವಲ್ಪ ಎತ್ತರಿಸಿ ಕೂರಿಸಿ ಅಥವಾ ಮಲಗಿಸಿ. ನೀರು, ಚಹಾ, ತಿಂಡಿ ಕೊಡಬೇಡಿ. ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಬೇಕಾಗಬಹುದು. ಏರ್‌ಬ್ಯಾಗಿನ ಪುಡಿಯೋ ಬ್ಯಾಟರಿಯ ಆಮ್ಲವೋ ಬಿದ್ದು ಉರಿಯುತ್ತಿದ್ದರೆ, ಚುಚ್ಚಿದ ಗಾಯ ಇಲ್ಲದಿದ್ದರೆ, ಆಗ ಮಾತ್ರ ಧಾರಾಳವಾಗಿ ಶುದ್ಧ ನೀರು ಹಾಕುತ್ತಲೇ ಇರಿ. 108ಕ್ಕೆ ಫೋನ್ ಮಾಡುವಾಗ ಕಣ್ಣಿಗೆ ಪೆಟ್ಟಾಗಿದೆ ಎಂದು ಬಾಯಿಬಿಟ್ಟು ಹೇಳಿ, ಕಣ್ಣಿನ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಯನ್ನೇ ಕೇಳಿ. ಸಹಾಯ ಮಾಡಿದವರನ್ನು ಕೇಸಿಗೆ ಎಳೆಯುತ್ತಾರೆಂಬ ಹೆದರಿಕೆ ಬೇಡ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೇ ರಕ್ಷಣೆ ಇದೆ.

ಕಾಗದದ ಲೋಟ ಹೇಗೆ ಕಟ್ಟುವುದೆಂದು ತೋರಿಸಲು ನನಗೆ ಇಬ್ಬರು ವಿದ್ಯಾರ್ಥಿಗಳು ಬೇಕು. ಮೇಲೆ ಬನ್ನಿ. ಲೋಟ, ಅಂಟುಪಟ್ಟಿ ನನ್ನ ಹತ್ತಿರ ಇದೆ. ಆಮೇಲೆ ಪ್ರಶ್ನೆಗಳಿಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ಬಗ್ಗೆಯೂ ಕೇಳಬಹುದು.